ಅರ್ಧ ಗಂಟೆಯ ಗೋವೆ

"ಮಾಷ್ಟ್ರೇ, ವಿಮಾನದಲ್ಲಿ ಹೋದರೆ ಗೋವೆಗೆ ಎಷ್ಟು ಹೊತ್ತು ಬೇಕು?"

2023ರ ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ನೆರೆಮನೆಯ ಅಕ್ಕ ಅಂಗಳದಲ್ಲಿ ನಿಂತು ಈ ಪ್ರಶ್ನೆ ಕೇಳಿದರು. ಅರುವತ್ತು ದಾಟಿದ ಹೆಂಗಸು. ಮಂಗಳೂರಿನ ಆಸ್ಪತ್ರೆ, ಮಧೂರಿನ ದೇವಸ್ಥಾನ, ಇವೆರಡನ್ನು ಬಿಟ್ಟರೆ ಊರಿನಿಂದ ಹೊರಗೆ ಹೋದವರಲ್ಲ. ಒಬ್ಬನೇ ಮಗ ಗೋವೆಯ ವಾಸ್ಕೋದಲ್ಲಿ ಕಟ್ಟಡಗಳಿಗೆ ವಯರಿಂಗ್ ಮಾಡುವ ಕೆಲಸದಲ್ಲಿದ್ದ. ಆ ಮಧ್ಯಾಹ್ನ ಎರಡನೆಯ ಮಾಳಿಗೆಯಿಂದ ಬಿದ್ದು ಸೊಂಟದ ಎಲುಬೂ ತೊಡೆಯ ಎಲುಬೂ ಮುರಿದಿವೆಯೆಂದು, ಮಡಗಾಂವಿನ ಒಂದು ಆಸ್ಪತ್ರೆಗೆ ಸೇರಿಸಿದ್ದಾರೆಂದು, ಮರುದಿನ ಹಗಲು ಶಸ್ತ್ರಚಿಕಿತ್ಸೆಯೆಂದು ಜೊತೆಯ ಕೆಲಸಗಾರರು ಫೋನು ಮಾಡಿ ತಿಳಿಸಿದ್ದರು. ಚಾಕು ಹಾಕುವ ಮೊದಲು ಮಗನ ಮುಖ ನೋಡಬೇಕು ಎಂಬುದೊಂದೇ ಆ ತಾಯಿಯ ಬೇಡಿಕೆ.

ನಾನು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವವನು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ ಎಂಬುದು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದ ಸೂತ್ರವೋ! ತಡವರಿಸದೆ ಹೇಳಿಬಿಟ್ಟೆ: "ಹೆಚ್ಚೆಂದರೆ ಅರ್ಧ ಗಂಟೆ ಅಕ್ಕ. ಬಜಪೆಯಲ್ಲಿ ಹತ್ತಿ ಕೂತರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗೋವೆ."

ಲೆಕ್ಕ ತಪ್ಪಿರಲಿಲ್ಲ. ಉತ್ತರ ತಪ್ಪಾಗಿತ್ತು. ಅದು ಹೇಗೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಇಂದು ಹೊಟ್ಟೆಪಾಡಿಗಾಗಿ ಗೋವೆಯಲ್ಲಿದ್ದಾರೆ. ಹೋಟೆಲು, ಕಟ್ಟಡ, ಹಡಗುಕಟ್ಟೆ, ಬ್ಯಾಂಕು ಎಂದು ಹರಡಿಕೊಂಡಿದ್ದಾರೆ. ಅವಸರದ ಕರೆ ಯಾವ ಮನೆಗೂ ಬರಬಹುದು. ನನ್ನ ತಪ್ಪಿನಿಂದ ಒಬ್ಬರಿಗಾದರೂ ಉಪಕಾರವಾದರೆ ಹೇಳಿಕೊಂಡದ್ದು ಸಾರ್ಥಕ.

ಸ್ಕೇಲು ಹಿಡಿದು ಅಳೆದರೆ

ಮೊದಲು ಭೂಪಟವನ್ನು ನೋಡೋಣ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಗೋವೆಯ ದಾಬೋಲಿಂ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ದೂರ ಸುಮಾರು 290 ಕಿ. ಮೀ. ಉತ್ತರ ಗೋವೆಯ ಮೋಪಾ ನಿಲ್ದಾಣಕ್ಕಾದರೆ ಸುಮಾರು 325 ಕಿ. ಮೀ. ನಮ್ಮ ಕಾಸರಗೋಡು ಪಟ್ಟಣದಿಂದಲೇ ಅಳೆದರೂ ದಾಬೋಲಿಂಗೆ 340 ಕಿ. ಮೀ. ಆಸುಪಾಸು. ಇದೇ ಸ್ಕೇಲನ್ನು ದಕ್ಷಿಣಕ್ಕೆ ತಿರುಗಿಸಿದರೆ ನಮ್ಮ ರಾಜ್ಯದ ರಾಜಧಾನಿ ತಿರುವನಂತಪುರ 490 ಕಿ. ಮೀ. ದೂರದಲ್ಲಿದೆ. ಎಂದರೆ, ನಾವು ಅರ್ಜಿ ಹಿಡಿದುಕೊಂಡು ಹೋಗುವ ಸೆಕ್ರೆಟೇರಿಯೇಟಿಗಿಂತ ನಮ್ಮ ಹುಡುಗರು ದುಡಿಯುವ ಗೋವೆಯೇ ನಮಗೆ ಹತ್ತಿರ! ಮಕ್ಕಳಿಗೆ ಇದನ್ನು ತರಗತಿಯಲ್ಲಿ ಅಳೆಸಿ ತೋರಿಸಿದಾಗ ಅವರು ನಂಬದೆ ಮತ್ತೊಮ್ಮೆ ಅಳೆದರು.

ಆದರೆ ಭೂಪಟದ ಹತ್ತಿರ ಬೇರೆ, ಕಾಲಿಗೆ ಸಿಗುವ ಹತ್ತಿರ ಬೇರೆ. ಗಡಿನಾಡಿನಲ್ಲಿ ಹುಟ್ಟಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಗಡಿಯಾರದ ಲೆಕ್ಕ

ಇನ್ನು ವೇಗ. ಸಣ್ಣ ಊರುಗಳ ನಡುವೆ ಹಾರುವ, ಪಂಖದ, ಎಪ್ಪತ್ತು ಚಿಲ್ಲರೆ ಜನ ಹಿಡಿಯುವ ಎ.ಟಿ.ಆರ್. ವಿಮಾನ ಗಂಟೆಗೆ ಸುಮಾರು 500 ಕಿ. ಮೀ. ಹೋಗುತ್ತದೆ. ಬೋಯಿಂಗ್, ಏರ್‌ಬಸ್ ಮುಂತಾದ ಜೆಟ್ ವಿಮಾನಗಳು 800 ಕಿ. ಮೀ. ಹೋಗುತ್ತವೆ. ಭಾಗಾಕಾರ ಮಾಡಿ ನೋಡಿ. 290 ಕಿ. ಮೀ. ದೂರಕ್ಕೆ ಪಂಖದ ವಿಮಾನಕ್ಕೆ 35 ನಿಮಿಷ, ಜೆಟ್ಟಿಗೆ 22 ನಿಮಿಷ. ಇವೆರಡರ ನಡುವಿನದೇ ನನ್ನ "ಅರ್ಧ ಗಂಟೆ".

ಹಾಗಾದರೆ ಇಷ್ಟೇ ದೂರದ ಹಾರಾಟಕ್ಕೆ ವಿಮಾನ ಕಂಪೆನಿಗಳ ವೇಳಾಪಟ್ಟಿಯಲ್ಲಿ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಬರೆದಿರುವುದೇಕೆ? ಏಕೆಂದರೆ ವೇಳಾಪಟ್ಟಿಯ ಗಡಿಯಾರ ವಿಮಾನ ಹಾರಿದಾಗ ಶುರುವಾಗುವುದಲ್ಲ. ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇಳಿದ ಊರಿನಲ್ಲಿ ನಿಲ್ಲಬೇಕಾದ ಜಾಗದಲ್ಲಿ ನಿಂತಾಗ ಮುಗಿಯುತ್ತದೆ. ರನ್‌ವೇಯ ತುದಿಯವರೆಗೆ ಉರುಳಿಕೊಂಡು ಹೋಗುವ ಹೊತ್ತು, ಅಪ್ಪಣೆಗಾಗಿ ಕಾಯುವ ಹೊತ್ತು, ಮೇಲೇರುವಾಗ ಮತ್ತು ಇಳಿಯುವಾಗ ಪೂರ್ಣ ವೇಗ ಇಲ್ಲದ ಹೊತ್ತು ಎಲ್ಲವೂ ಅದರೊಳಗೆ ಸೇರುತ್ತವೆ. ದೂರ ಕಡಿಮೆಯಾದಷ್ಟೂ ಈ ಏರು-ಇಳಿತದ ಪಾಲೇ ದೊಡ್ಡದು. ಪೂರ್ಣ ವೇಗಕ್ಕೆ ಬಂದಿತು ಎನ್ನುವಾಗಲೇ ಇಳಿಯುವ ಸಿದ್ಧತೆ.

ಇನ್ನೊಂದು ಸಂಗತಿ. ಬಜಪೆಯ ರನ್‌ವೇಯೂ ದಾಬೋಲಿಂನ ರನ್‌ವೇಯೂ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ಹೋಗಬೇಕಾದದ್ದು ಉತ್ತರಕ್ಕೆ. ಆದುದರಿಂದ ಹಾರಿದ ಮೇಲೆ ಒಂದು ತಿರುವು, ಇಳಿಯುವ ಮೊದಲು ಇನ್ನೊಂದು ತಿರುವು ತಪ್ಪದು. ಬಜಪೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರ ಡಕೋಟಾ ವಿಮಾನ ಅಲ್ಲಿ ಇಳಿಯುವುದರೊಂದಿಗೆ ಆರಂಭವಾಯಿತು. ಆ ಗುಡ್ಡದ ಅಂಚಿನಲ್ಲಿ 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಉರುಳಿ 158 ಮಂದಿ ಸತ್ತರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆ ದಿನವನ್ನು ಇನ್ನೂ ಮರೆತಿಲ್ಲ. ಅಂಥ ನಿಲ್ದಾಣದಲ್ಲಿ ಮಳೆ, ಮಂಜು ಕಂಡರೆ ಪೈಲಟ್ ಹತ್ತು ನಿಮಿಷ ಸುತ್ತು ಹೊಡೆಯುತ್ತಾನೆಂದಾದರೆ ಅದನ್ನು ತಡವೆಂದು ಗೊಣಗಬಾರದು.

ಇಷ್ಟೆಲ್ಲ ಸೇರಿಸಿದರೂ ಒಂದು ಗಂಟೆಯ ಮಾತು. ಹಾಗಿರುವಾಗ ನಾವು ತಲಪುವುದಕ್ಕೆ ಹಗಲೆಲ್ಲ ಹಿಡಿದದ್ದೇಕೆ?

ಗೆರೆ ನೇರ, ದಾರಿ ಸುತ್ತು

ಆ ಸಂಜೆ ಟಿಕೆಟಿನ ಅಂಗಡಿಗೆ ಹೋಗಿ ಕೇಳಿದಾಗ ನಮಗೆ ಬೇಕಾದ ದಿನ ಬಜಪೆಯಿಂದ ಗೋವೆಗೆ ನೇರ ವಿಮಾನ ಸಿಗಲಿಲ್ಲ. ಬೆಂಗಳೂರಿಗೆ ಹೋಗಿ ಅಲ್ಲಿ ಬೇರೆ ವಿಮಾನ ಹತ್ತಬೇಕು, ಅಥವಾ ಮುಂಬಯಿಗೆ ಹೋಗಿ ಹಿಂತಿರುಗಿ ಬರಬೇಕು.

ಇದರ ಲೆಕ್ಕವನ್ನು ಸಾವಧಾನವಾಗಿ ಮನೆಗೆ ಬಂದ ಮೇಲೆ ಮಾಡಿ ನೋಡಿದೆ. ಬಜಪೆಯಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ದೂರ ಸುಮಾರು 305 ಕಿ. ಮೀ. ಅಲ್ಲಿಂದ ದಾಬೋಲಿಂಗೆ ಸುಮಾರು 480 ಕಿ. ಮೀ. ಒಟ್ಟು 785 ಕಿ. ಮೀ. ಎಂದರೆ 290 ಕಿ. ಮೀ. ದೂರದ ಊರಿಗೆ ಎರಡೂವರೆ ಪಾಲಿಗಿಂತಲೂ ಹೆಚ್ಚು ಹಾರಾಟ. ಮುಂಬಯಿಯ ದಾರಿ ಇನ್ನೂ ಸೊಗಸು. ಹೋಗುವಾಗ 710, ಹಿಂತಿರುಗುವಾಗ 420, ಒಟ್ಟು 1,130 ಕಿ. ಮೀ. ಬಜಪೆಯಿಂದ ಮುಂಬಯಿಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಗೋವೆಯ ನೆಲದ ಮೇಲೆಯೇ ಹಾದುಹೋಗುತ್ತದೆ. ಇಳಿಯಬೇಕಾದ ಊರನ್ನು ಕಿಟಕಿಯಿಂದ ನೋಡುತ್ತಾ ಮುಂದೆ ಹೋಗಿ, ಮತ್ತೆ ಅದೇ ಊರಿಗೆ ಹಿಂತಿರುಗಿ ಬರುವ ಪ್ರಯಾಣ! ಮನೆಯ ಬಾಗಿಲಲ್ಲಿ ನಿಲ್ಲದ ಬಸ್ಸು ಹತ್ತಿ ಡಿಪೋವರೆಗೆ ಹೋಗಿ ಬಂದಂತೆ.

ಇದಕ್ಕೆ ಯಾರನ್ನು ದೂರುವುದು? ಕಂಪೆನಿಗಳಿಗೆ ಅವುಗಳದ್ದೇ ಲೆಕ್ಕವಿದೆ. ವಿಮಾನಕ್ಕೆ ಹೆಚ್ಚು ಇಂಧನ ಬೇಕಾಗುವುದು ನೆಲ ಬಿಟ್ಟು ಮೇಲೇರುವಾಗ. ಮುನ್ನೂರು ಕಿ. ಮೀ. ಹೋಗುವುದಕ್ಕೂ ಸಾವಿರ ಕಿ. ಮೀ. ಹೋಗುವುದಕ್ಕೂ ಏರುವ ಖರ್ಚು ಹೆಚ್ಚುಕಡಿಮೆ ಒಂದೇ. ನಿಲ್ದಾಣದ ಬಾಡಿಗೆಯೂ ಒಂದೇ. ಸಣ್ಣ ದೂರಕ್ಕೆ ರೈಲು, ಬಸ್ಸುಗಳ ಪೈಪೋಟಿ ಬೇರೆ. ಆದುದರಿಂದ ನಾಲ್ಕೂ ದಿಕ್ಕಿನ ಜನರನ್ನು ಒಂದು ದೊಡ್ಡ ನಗರಕ್ಕೆ ತಂದು ಸುರಿದು, ಅಲ್ಲಿಂದ ಮತ್ತೆ ಹಂಚುವುದು ಅವರಿಗೆ ಲಾಭ. ಗಾಲಿಯ ಒಂದು ಕಡ್ಡಿಯ ತುದಿಯಿಂದ ಪಕ್ಕದ ಕಡ್ಡಿಯ ತುದಿಗೆ ಹೋಗಬೇಕಾದರೂ ನಡುವಿನ ಗುಂಬವನ್ನು ಮುಟ್ಟಿಯೇ ಹೋಗಬೇಕು. ಈ ಕೊರತೆಯನ್ನು ತುಂಬಲೆಂದೇ ಕೇಂದ್ರ ಸರಕಾರ 'ಉಡಾನ್' ಯೋಜನೆಯನ್ನು ತಂದು, 2017ರ ಏಪ್ರಿಲ್‌ನಲ್ಲಿ ಅದರ ಮೊದಲ ವಿಮಾನ ಹಾರಿತು. ಸಣ್ಣ ಊರುಗಳ ನಡುವಿನ ಹಾರಾಟದ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡು ಅದು. ಮೂರು ವರ್ಷ ಕಳೆದ ಮೇಲೆ ಜನ ಸಾಕಷ್ಟು ಹತ್ತದಿದ್ದರೆ ಆ ದಾರಿ ಮುಚ್ಚಿಹೋಗುವ ಭಯ ಇದ್ದೇ ಇದೆ.

ಒಟ್ಟಿನಲ್ಲಿ, ಎರಡು ಸಣ್ಣ ಊರುಗಳ ನಡುವಿನ ದೂರವನ್ನು ತೀರ್ಮಾನಿಸುವುದು ಮೂರನೆಯ ಒಂದು ದೊಡ್ಡ ಊರು.

ದಾರಿ ಮುಚ್ಚಿದಾಗ ಹುಟ್ಟಿದ ನಿಲ್ದಾಣ

ದಾಬೋಲಿಂ ನಿಲ್ದಾಣ ಹುಟ್ಟಿದ ಕತೆಯೂ ಮುಚ್ಚಿದ ದಾರಿಯ ಕತೆಯೇ. ಗೋವೆ ಪೋರ್ಚುಗೀಸರ ಕೈಯಲ್ಲಿದ್ದಾಗ ಮುರ್ಮುಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್ ಮೂಲಕ ನಮ್ಮ ದೇಶಕ್ಕೆ ರೈಲು ಓಡುತ್ತಿತ್ತು. ವಿಮೋಚನಾ ಚಳವಳಿ ಬಲಗೊಂಡು, 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಬಳಿಕ ಭಾರತ ಸರಕಾರ ಗಡಿಯನ್ನೂ ರೈಲನ್ನೂ ಮುಚ್ಚಿತು. ನೆಲದ ದಾರಿ ಇಕ್ಕಟ್ಟಾಗುತ್ತ ಬಂದ ಆ ಕಾಲದಲ್ಲೇ, 1955ರಲ್ಲಿ, ಪೋರ್ಚುಗೀಸರು ದಾಬೋಲಿಂನ ಬಯಲಿನಲ್ಲಿ ವಿಮಾನ ನಿಲ್ದಾಣ ಕಟ್ಟಿದರು. ಅಲ್ಲಿಂದ ಅವರ ವಿಮಾನಗಳು ದಮನ್, ದಿಯು, ಕರಾಚಿಗಳಿಗೆ ಹಾರುತ್ತಿದ್ದವು. ಬೆಳಗಾವಿಯ ಸಾಂಬ್ರಾ ನಿಲ್ದಾಣ ಅಲ್ಲಿಂದ ನೇರ ಗೆರೆಯಲ್ಲಿ ಬರೇ 100 ಕಿ. ಮೀ. ಹತ್ತು–ಹದಿನೈದು ನಿಮಿಷದ ಹಾರಾಟ. ಆದರೆ ಆ ಕಾಲದ ಗೋವೆಯವನಿಗೆ ಬೆಳಗಾವಿಗಿಂತ ಕರಾಚಿಯೇ ಹತ್ತಿರವಾಗಿತ್ತು.

1961ರ ಡಿಸೆಂಬರ್ 18ರಂದು ಸಾಂಬ್ರಾದಿಂದ ಹಾರಿದ ನಮ್ಮ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ಪುಣೆಯಿಂದ ಬಂದ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂನ ರನ್‌ವೇಗೆ ಬಾಂಬು ಹಾಕಿದವು. ಅಲ್ಲಿ ನಿಂತಿದ್ದ ಪ್ರಯಾಣಿಕರ ಎರಡು ವಿಮಾನಗಳು ಆ ರಾತ್ರಿ ಹಾಳಾದ ರನ್‌ವೇಯನ್ನು ಅಷ್ಟಿಷ್ಟು ಸರಿಪಡಿಸಿಕೊಂಡು, ಕತ್ತಲಲ್ಲಿ ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಕರಾಚಿಗೆ ತಪ್ಪಿಸಿಕೊಂಡವು. ಮರುದಿನ ಗೋವೆ ಸ್ವತಂತ್ರವಾಯಿತು. 1962ರಲ್ಲಿ ನಿಲ್ದಾಣ ಭಾರತದ ನೌಕಾಪಡೆಯ ವಶಕ್ಕೆ ಬಂತು. ಇಂದಿಗೂ ಅದು ನೌಕಾಪಡೆಯ 'ಹಂಸ' ನೆಲೆ. ನೌಕಾಪಡೆಯ ಹಾರಾಟಕ್ಕೆ ಅಡ್ಡಿಯಾಗದ ಹೊತ್ತಿನಲ್ಲಿ ಪ್ರಯಾಣಿಕರ ವಿಮಾನಗಳು ಅಲ್ಲಿ ಬಂದುಹೋಗಬೇಕು.

ಈ ಇಕ್ಕಟ್ಟಿನಿಂದಾಗಿಯೇ ಗೋವೆಗೆ ಎರಡನೆಯ ನಿಲ್ದಾಣ ಬೇಕೆಂಬ ಮಾತು ಬಂದು, ಉತ್ತರದ ತುದಿಯ ಪೆಡ್ಣೆ ತಾಲೂಕಿನ ಮೋಪಾ ಎಂಬಲ್ಲಿ ಹೊಸದು ಎದ್ದಿತು. ಮಾಜಿ ಮುಖ್ಯಮಂತ್ರಿ ಮನೋಹರ ಪರ‍್ರೀಕರರ ಹೆಸರಿನ ಆ ನಿಲ್ದಾಣ 2022ರ ಡಿಸೆಂಬರ್ 11ರಂದು ಉದ್ಘಾಟನೆಯಾಗಿ, 2023ರ ಜನವರಿ 5ರಿಂದ ವಿಮಾನಗಳಿಗೆ ತೆರೆದುಕೊಂಡಿತು. ದಾಬೋಲಿಂಗೂ ಮೋಪಾಕ್ಕೂ ನೇರ ಗೆರೆಯಲ್ಲಿ 40 ಕಿ. ಮೀ. ಅಂತರ. ರಸ್ತೆಯಲ್ಲಿ ಜುವಾರಿ, ಮಾಂಡವಿ ಹೊಳೆಗಳನ್ನು ದಾಟಿ ಹೋಗಬೇಕಾದುದರಿಂದ 60 ಕಿ. ಮೀ. ಮೇಲೆಯೇ.

ಟಿಕೆಟಿನ ಮೇಲೆ ದಾಬೋಲಿಂಗೆ 'ಜಿ.ಓ.ಐ.' ಎಂದೂ ಮೋಪಾಕ್ಕೆ 'ಜಿ.ಓ.ಎಕ್ಸ್.' ಎಂದೂ ಅಚ್ಚಾಗಿರುತ್ತದೆ. ಒಂದೇ ಅಕ್ಷರದ ವ್ಯತ್ಯಾಸ. ಮಕ್ಕಳ ಕಾಪಿ ಪುಸ್ತಕದಲ್ಲಿ ಒಂದಕ್ಷರ ತಪ್ಪಿದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ನಾನು ಈ ಒಂದಕ್ಷರವನ್ನು ನೋಡಲಿಲ್ಲ.

ಆ ದಿನ

ಬೆಳಗಿನ ಜಾವ ಮೂರೂವರೆಗೆ ಜೀಪಿನಲ್ಲಿ ಹೊರಟೆವು. ಬದಿಯಡ್ಕದ ಆಚೆಯ ನಮ್ಮೂರಿನಿಂದ ಬಜಪೆಗೆ 70 ಕಿ. ಮೀ. ಸಮೀಪ. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ಕುಂಬಳೆಯಿಂದ ತಲಪಾಡಿಯವರೆಗೆ ನಡೆಯುತ್ತಿದ್ದ ಕಾಲ. ಧೂಳು, ತಿರುವು, ಮತ್ತೆ ಧೂಳು. ನಿಲ್ದಾಣದಲ್ಲಿ ಒಂದೂವರೆ ಗಂಟೆ ಮೊದಲೇ ಇರಬೇಕೆಂಬ ನಿಯಮ. ಏಳೂವರೆಗೆ ಹೊರಟ ವಿಮಾನ ಎಂಟೂಮುಕ್ಕಾಲಿಗೆ ಇಳಿಯಿತು.

"ಗೋವೆ ಬಂತಾ ಮಾಷ್ಟ್ರೇ?"

"ಇಲ್ಲ ಅಕ್ಕ, ಇದು ಬೆಂಗಳೂರು."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ಬೆಂಗಳೂರು ಮೂಡು ದಿಕ್ಕಿಗಲ್ಲವಾ? ಮಗ ಇರುವುದು ಕಡಲ ಕರೆಯಲ್ಲಿ ಅಂತ ಹೇಳಿದ್ದ."

ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸಿಗಿದ್ದ ದಿಕ್ಕಿನ ಜ್ಞಾನ ನನ್ನ ಟಿಕೆಟಿಗಿರಲಿಲ್ಲ. ಏನು ಉತ್ತರ ಕೊಡಲಿ? ಮುಂದಿನ ವಿಮಾನ ಹನ್ನೆರಡೂಮುಕ್ಕಾಲಿಗೆ. ಆ ನಾಲ್ಕು ಗಂಟೆಗಳಲ್ಲಿ ಅವರು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕುಳಿತಿದ್ದರು. ಒಂದು ಲೋಟ ಚಹಾ ಸಹ ಬೇಡವೆಂದರು. ಹನ್ನೊಂದು ಗಂಟೆಗೆ ಮಡಗಾಂವಿನಿಂದ ಫೋನು ಬಂತು. ಮಗನನ್ನು ಒಳಗೆ ಕೊಂಡುಹೋದರಂತೆ. ಹೋಗುವ ಮುಂಚೆ ಎರಡು ಸಲ ಕೇಳಿದನಂತೆ, "ಅಮ್ಮ ಬಂದಳಾ?" ಎಂದು. "ದಾರಿಯಲ್ಲಿದ್ದಾರೆ" ಎಂದು ಹೇಳಿ ಕಳುಹಿಸಿದೆವು ಎಂದರು. ನಾನು ಅಕ್ಕನಿಗೆ ಎರಡನೆಯ ಮಾತನ್ನು ಮಾತ್ರ ಹೇಳಿದೆ.

ಎರಡು ಗಂಟೆಗೆ ಗೋವೆಯಲ್ಲಿ ಇಳಿದೆವು. ಹೊರಗೆ ಬಂದು ನೋಡಿದರೆ ನಮ್ಮನ್ನು ಕರೆದೊಯ್ಯಲು ಬರಬೇಕಾದವರು ಇಲ್ಲ. ಫೋನು ಮಾಡಿದರೆ, "ನಾವು ಇಲ್ಲೇ ಬಾಗಿಲ ಮುಂದ ನಿಂತೀವ್ರಿ ಸರ್" ಎನ್ನುತ್ತಾರೆ. ನಾನೂ ಬಾಗಿಲ ಮುಂದೆಯೇ ನಿಂತಿದ್ದೇನೆ. ಐದು ನಿಮಿಷ ಹೀಗೆ ಮಾತಾಡಿದ ಮೇಲೆ ತಿಳಿಯಿತು, ಅವರು ನಿಂತದ್ದು ದಾಬೋಲಿಂ ಬಾಗಿಲಲ್ಲಿ, ನಾವು ನಿಂತದ್ದು ಮೋಪಾ ಬಾಗಿಲಲ್ಲಿ. ಅವರಿಗೆ ಗೋವೆಯ ವಿಮಾನ ನಿಲ್ದಾಣವೆಂದರೆ ತಾವು ಇರುವ ವಾಸ್ಕೋದ ಪಕ್ಕದಲ್ಲಿರುವುದು, ಬೇರೊಂದು ತೆರೆದು ಮೂರು ತಿಂಗಳಾಗಿತ್ತಷ್ಟೆ. ಟಿಕೆಟು ಮಾಡಿಕೊಟ್ಟವರು 'ಗೋವೆ' ಎಂದಷ್ಟೇ ಹೇಳಿದ್ದರು. ಓದಿ ನೋಡಬೇಕಾದವನು ನಾನು. ದಾಬೋಲಿಂನಿಂದ ಮಡಗಾಂವಿಗೆ ಸುಮಾರು 25 ಕಿ. ಮೀ., ಮೋಪಾದಿಂದ 70 ಕಿ. ಮೀ. ಸಮೀಪ. ಟ್ಯಾಕ್ಸಿ ಹಿಡಿದು, ವಾಹನಗಳ ಸಾಲಿನಲ್ಲಿ ನಿಂತು ನಿಂತು ಆಸ್ಪತ್ರೆ ಮುಟ್ಟುವಾಗ ಐದು ಗಂಟೆ.

ಮನೆಯಿಂದ ಹೊರಟು ಹದಿಮೂರೂವರೆ ಗಂಟೆಯಾಗಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಗದಗದ ಕಡೆಯ ಮೂವರು ಹುಡುಗರು ಕಾಯುತ್ತಿದ್ದರು. ಕೆಲಸ ಬಿಟ್ಟು ರಾತ್ರಿ ಹಗಲು ಅಲ್ಲೇ ಇದ್ದವರು. "ಬರ್ರಿ ಅವ್ವ, ಎಲ್ಲಾ ಚಲೋ ಆಗೇತಿ, ಅಳಬ್ಯಾಡ್ರಿ" ಎಂದು ಒಬ್ಬ ಕೈಹಿಡಿದು ಕರೆದೊಯ್ದ. ಅಕ್ಕನಿಗೆ ಆ ಕನ್ನಡ ಹೊಸತು, ಆದರೆ ಕನ್ನಡವೇ. 2011ರ ಜನಗಣತಿಯಂತೆ ಗೋವೆಯಲ್ಲಿ ನೂರಕ್ಕೆ ನಾಲ್ಕೂವರೆಗೂ ಮಿಕ್ಕಿ ಜನರ ಮಾತೃಭಾಷೆ ಕನ್ನಡ. ಬಹುಮಂದಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು. ಭಾಷೆಯ ಲೆಕ್ಕದಲ್ಲಿ ನಾವು ಇಲ್ಲಿ ಹೇಗೋ ಅವರು ಅಲ್ಲಿ ಹಾಗೆಯೇ. ಆ ಹೊತ್ತಿನಲ್ಲಿ ಆಸ್ಪತ್ರೆಯ ಕೊಂಕಣಿಯನ್ನೂ ಇಂಗ್ಲಿಷನ್ನೂ ಆ ತಾಯಿಗೆ ತಿಳಿಹೇಳಿದವರು ಅವರೇ.

ಮಗ ಬದುಕಿದ. ಗಾಜಿನ ಆಚೆ ಮಲಗಿದ್ದ ಅವನಿಗೆ ಪ್ರಜ್ಞೆ ಸರಿಯಾಗಿ ಬಂದದ್ದು ಮರುದಿನ ಬೆಳಿಗ್ಗೆ. ದೇವರ ದಯೆ. ಆದರೆ ಬದುಕದೆ ಇರುತ್ತಿದ್ದರೆ? "ಅಮ್ಮ ಬಂದಳಾ?" ಎಂಬ ಪ್ರಶ್ನೆಯನ್ನು ನಾನು ಯಾವ ಮುಖ ಹೊತ್ತು ನೆನೆಯಬೇಕಾಗಿತ್ತು?

ಬಿಟ್ಟುಬಂದ ಗಾಡಿ

ಈಗ ಹೊಟ್ಟೆಯುರಿಯುವ ಮಾತು. ಹಿಂದಿನ ಸಂಜೆ ಅಕ್ಕ ನನ್ನ ಅಂಗಳಕ್ಕೆ ಬಂದದ್ದು ಐದು ಗಂಟೆಗೆ. ಆ ರಾತ್ರಿ ಕಾಸರಗೋಡಿನಿಂದ ಗೋವೆಯ ಕಡೆಗೆ ರೈಲು ಇತ್ತು. ಮಂಗಳಾ ಎಕ್ಸ್‌ಪ್ರೆಸ್, ನೇತ್ರಾವತಿ ಎಕ್ಸ್‌ಪ್ರೆಸ್ ಎರಡೂ ಕಾಸರಗೋಡಿನಲ್ಲಿ ನಿಲ್ಲುತ್ತವೆ, ಮಡಗಾಂವಿನಲ್ಲೂ ನಿಲ್ಲುತ್ತವೆ. ಇಲ್ಲಿ ರಾತ್ರಿ ಹತ್ತಿದರೆ ಬೆಳಗಾಗುವ ಮೊದಲೇ ಮಡಗಾಂವ್. ಮಗನನ್ನು ಒಳಗೆ ಕೊಂಡುಹೋಗುವ ಮುಂಚೆ ಆ ತಾಯಿ ಅವನ ತಲೆಮಾರು ಕೂತು ಹಣೆ ಸವರುವುದಕ್ಕೆ ಐದಾರು ಗಂಟೆ ಹೊತ್ತಿರುತ್ತಿತ್ತು.

ರೈಲಿನ ಯೋಚನೆ ನನಗೆ ಬಾರದೆ ಇರಲಿಲ್ಲ. ಸೀಟು ಕಾದಿರಿಸಿಲ್ಲ, ವಯಸ್ಸಾದವರನ್ನು ಜನರಲ್ ಬೋಗಿಯಲ್ಲಿ ಹೇಗೆ ಕೂರಿಸಲಿ, ಅರ್ಧ ಗಂಟೆಯ ವಿಮಾನ ಇರುವಾಗ ರಾತ್ರಿಯಿಡೀ ಯಾಕೆ ಎಂದು ತಳ್ಳಿಹಾಕಿದೆ. ಆ 'ಅರ್ಧ ಗಂಟೆ' ನನ್ನ ಕಣ್ಣಿಗೆ ಕಟ್ಟಿಕೊಂಡಿತ್ತು.

ಕೊಂಕಣ ರೈಲಿನ ಬೆಲೆ ನಮ್ಮ ತಲೆಮಾರಿನವರಿಗೆ ಗೊತ್ತಿರಬೇಕಾಗಿತ್ತು. 1998ರ ಜನವರಿ 26ರಂದು ಆ ದಾರಿ ಪೂರ್ತಿಯಾಗಿ ತೆರೆಯುವ ಮೊದಲು ಗೋವೆಗೆ ಹೋಗಬೇಕಾದರೆ ಮಂಗಳೂರಿಗೆ ಹೋಗಿ ರಾತ್ರಿ ಬಸ್ಸಿನಲ್ಲಿ ಮೈ ಮುರಿಸಿಕೊಳ್ಳಬೇಕಿತ್ತು. ಮಂಗಳೂರಿನ ತೋಕೂರಿನಿಂದ ಮಹಾರಾಷ್ಟ್ರದ ರೋಹಾವರೆಗೆ ಸುಮಾರು 740 ಕಿ. ಮೀ. ಉದ್ದಕ್ಕೆ ಗುಡ್ಡ ಕೊರೆದು ಹೊಳೆಗೆ ಸೇತುವೆ ಹಾಕಿ ಮಾಡಿದ ದಾರಿ ಅದು. ಮಂಗಳೂರಿನಿಂದ ಮಡಗಾಂವಿಗೆ ರೈಲಿನಲ್ಲಿ ಸುಮಾರು 320 ಕಿ. ಮೀ. ವಿಮಾನದ ನೇರ ಗೆರೆಗಿಂತ ಬರೇ ಮೂವತ್ತು ಕಿ. ಮೀ. ಹೆಚ್ಚು! ರೈಲು ಕರಾವಳಿಯನ್ನು ಹಿಡಿದುಕೊಂಡೇ ಹೋಗುತ್ತದೆ, ಬೆಂಗಳೂರನ್ನು ಕೇಳುವುದಿಲ್ಲ. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ನಡುವೆ ವಂದೇ ಭಾರತ್ ಗಾಡಿ ಆರಂಭವಾದಾಗ ಈ ದೂರಕ್ಕೆ ಐದು ಗಂಟೆಯೂ ಬೇಡವಾಯಿತು.

ರೈಲಿಗೂ ಅದರದ್ದೇ ಆದ ಮಿತಿ ಇದೆಯೆನ್ನುವುದನ್ನು ಮರೆಯಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲಿಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಜರಿಯುವ ಭಯದಿಂದ ಗಾಡಿಗಳು ನಿಧಾನವಾಗಿ ಓಡುತ್ತವೆ. ರಸ್ತೆಯ ಮಾತು ಕೇಳಲೇಬೇಡಿ. 2024ರ ಜುಲಾಯಿ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಕೇರಳದ ಲಾರಿ ಚಾಲಕರೊಬ್ಬರಿಗಾಗಿ ಗಂಗಾವಳಿ ಹೊಳೆಯಲ್ಲಿ ನಡೆದ ಹುಡುಕಾಟವನ್ನು ಇಲ್ಲಿ ಮಲಯಾಳ, ಕನ್ನಡ ಎಂಬ ಭೇದವಿಲ್ಲದೆ ಮನೆಮನೆಯವರು ಎರಡು ತಿಂಗಳ ಮೇಲೆ ಉಸಿರು ಬಿಗಿಹಿಡಿದು ನೋಡಿದರು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಹೊಳೆಗೆ ಬಿತ್ತು. ಗೋವೆಯ ದಾರಿ ಎಷ್ಟು ತೆಳುವಾದ ನೂಲಿನಲ್ಲಿ ನೇತಾಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬಾಗಿಲಿನಿಂದ ಬಾಗಿಲಿಗೆ

ಹಾಗಾದರೆ ವಿಮಾನವೇ ಬೇಡವೇ? ಹಾಗಲ್ಲ. ನೇರ ವಿಮಾನ ಸಿಕ್ಕಿದರೆ, ಅದು ನಮ್ಮ ಹೊತ್ತಿಗೆ ಹೊಂದಿದರೆ ಹತ್ತಬಹುದು. ಆದರೆ ಲೆಕ್ಕವನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಮಾಡಬಾರದು, ಮನೆಯ ಬಾಗಿಲಿನಿಂದ ಹೋಗಬೇಕಾದ ಬಾಗಿಲಿಗೆ ಮಾಡಬೇಕು. ನೇರ ವಿಮಾನವೇ ಇದ್ದರೂ ನಮ್ಮೂರಿನಿಂದ ಬಜಪೆಗೆ ಎರಡು ಎರಡೂವರೆ ಗಂಟೆ, ಅಲ್ಲಿ ಕಾಯುವುದು ಒಂದೂವರೆ, ಹಾರಾಟ ಒಂದು, ಇಳಿದು ಸಾಮಾನು ತೆಗೆದುಕೊಂಡು ಹೊರಬರಲು ಅರ್ಧ, ಮುಂದೆ ಊರು ಸೇರಲು ಒಂದರಿಂದ ಎರಡೂವರೆ. ಕೂಡಿಸಿದರೆ ಆರರಿಂದ ಎಂಟು ಗಂಟೆ. ರಾತ್ರಿ ರೈಲಿಗೂ ಹೆಚ್ಚುಕಡಿಮೆ ಅಷ್ಟೇ. ನಡುವೆ ಬೆಂಗಳೂರೋ ಮುಂಬಯಿಯೋ ಬಂದರೆ ರೈಲೇ ಮುಂದು. ದರದಲ್ಲಂತೂ ಕೇಳುವುದೇ ಬೇಡ.

ಎರಡನೆಯದಾಗಿ, ಟಿಕೆಟಿನ ಮೇಲಿನ ಆ ಒಂದಕ್ಷರವನ್ನು ಓದಿ. ಹೋಗಬೇಕಾದದ್ದು ವಾಸ್ಕೋ, ಮಡಗಾಂವ್, ಕಾಣಕೋಣಗಳಿಗಾದರೆ ದಾಬೋಲಿಂ. ಮಾಪ್ಸಾ, ಪೆಡ್ಣೆ, ಡಿಚೋಲಿಗಳಿಗಾದರೆ ಮೋಪಾ. ಎದುರುಗೊಳ್ಳಲು ಬರುವವರಿಗೂ ನಿಲ್ದಾಣದ ಹೆಸರು ಹೇಳಿ, ಬರೇ 'ಗೋವೆ' ಎನ್ನಬೇಡಿ. ಮೂರನೆಯದಾಗಿ, ಮಳೆಗಾಲವಾದರೆ ರೈಲೋ ರಸ್ತೆಯೋ ವಿಮಾನವೋ, ಯಾವುದೇ ಆದರೂ ಎರಡು ಗಂಟೆ ಹೆಚ್ಚಿಗೆ ಹಿಡಿದುಕೊಂಡೇ ಹೊರಡಿ.

ಟಿ. ಸಿ. ಎಚ್. ಓದುವಾಗ ನಮಗೆ ಗಣಿತ ಬೋಧನೆಯ ಪಾಠ ಮಾಡುತ್ತಿದ್ದ ಗುರುಗಳು ಒಂದು ಮಾತು ಹೇಳುತ್ತಿದ್ದರು: "ಲೆಕ್ಕ ಮಾಡಿಸುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿಸಿ. ಹತ್ತರಲ್ಲಿ ಏಳು ಮಕ್ಕಳು ತಪ್ಪುವುದು ಲೆಕ್ಕದಲ್ಲಲ್ಲ, ಪ್ರಶ್ನೆಯಲ್ಲಿ." ಅಕ್ಕ ಕೇಳಿದ್ದು ಬಜಪೆಯಿಂದ ದಾಬೋಲಿಂಗೆ ವಿಮಾನ ಎಷ್ಟು ಹೊತ್ತು ಹಾರುತ್ತದೆ ಎಂದಲ್ಲ. ನನ್ನ ಮಗನ ಹತ್ತಿರ ಯಾವಾಗ ಮುಟ್ಟುತ್ತೇನೆ ಎಂದು. ನಾನು ಬೇರೆ ಯಾವುದೋ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ.

ಮಗ ಈಗ ಊರಿಗೆ ಬಂದು ಪೇಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾನೆ. ಸ್ವಲ್ಪ ಕುಂಟುತ್ತಾನೆ. ಅಕ್ಕ ಒಂದು ದಿನವೂ ನನ್ನನ್ನು ದೂರಲಿಲ್ಲ. ಆದರೆ ಅವರ ಮನೆಯಲ್ಲಿ ಒಂದು ಹೊಸ ಮಾತು ಬಳಕೆಗೆ ಬಂದಿದೆ. ಮೊನ್ನೆ ಅವರಲ್ಲಿಗೆ ಹೋಗಿದ್ದೆ. ಜಗಲಿಯಲ್ಲಿ ಕೂರಿಸಿ, ಒಳಗಿನಿಂದ ಅಕ್ಕ ಕೂಗಿ ಹೇಳಿದರು: "ಕೂತಿರಿ ಮಾಷ್ಟ್ರೇ, ಚಹಾ ಈಗ ಆಗುತ್ತದೆ. ಅರ್ಧ ಗಂಟೆ... ನಿಮ್ಮ ಅರ್ಧ ಗಂಟೆ ಅಲ್ಲ, ನಮ್ಮದು!"

ಚಹಾ ಐದು ನಿಮಿಷದಲ್ಲಿ ಬಂತು.